ಚಟ್ನಿಪುಡಿಯಲ್ಲಿ ಪಾಚಿ

ಹಿಂದೂಪುರ
12 ಜನವರಿ 2025

ಅಕ್ಕ ದ್ರಾಕ್ಷಾಯಣಮ್ಮನಿಗೆ ತಮ್ಮ ಕೊಟ್ರೇಶನ ಶರಣು.

ಈ ಕಾಗದವನ್ನು ಕೂತು ಓದು. ಕೈಯಲ್ಲಿ ಲಟ್ಟಣಿಗೆ, ಊರುಗೋಲು ಏನಿದ್ದರೂ ದೂರ ಇಡು. ಏಕೆಂದರೆ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೊಂದು, ಮೂವತ್ತೆರಡು ವರ್ಷ ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ಒಂದು ಚಾಕ್‌ಪೀಸನ್ನೂ ಕದಿಯದೆ ನಿವೃತ್ತನಾದವನು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಹೆಂಡತಿ ಶಿವಲೀಲಾ ಬೇಡ ಬೇಡವೆಂದರೂ ಕೇಳದೆ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ.

ನವೆಂಬರಿನಿಂದ ಬಸ್ಸಿನಲ್ಲಿ ನಿನಗೆ ಕಳಿಸಿದ ಮೂರು ಡಬ್ಬಿ ಚಟ್ನಿಪುಡಿಯಲ್ಲಿ ಕಡಲೆಬೀಜ, ಕೊಬ್ಬರಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಇದ್ದವು. ಜೊತೆಗೆ ಪಾಚಿಯೂ ಇತ್ತು.

ಹೌದು, ಪಾಚಿಯೇ. ನಮ್ಮ ತಾರಸಿಯ ಮೇಲಿನ ತೊಟ್ಟಿಯಲ್ಲಿ ನಾನೇ ಬೆಳೆಸಿದ್ದು. ಪರಿಗಿಯಲ್ಲಿ ನನ್ನ ಹಳೆಯ ಶಿಷ್ಯ ಹಾಲೇಶ್ ದೊಡ್ಡ ದೊಡ್ಡ ತೊಟ್ಟಿ ಕಟ್ಟಿ ಇದನ್ನೇ ಬೆಳೆದು ಒಣಗಿಸಿ ಮಾರುತ್ತಾನೆ. ಅವನಿಂದ ಒಂದು ಬಾಟಲಿ ಬೀಜನೀರು ತಂದಿದ್ದೆ. ಸ್ಪಿರುಲಿನ ಎಂದು ಹೆಸರು. ಒಣಗಿಸಿದರೆ ನೂರಕ್ಕೆ ಅರವತ್ತು ಪಾಲು ಪ್ರೋಟೀನು! ಬೇಳೆಯಲ್ಲಿ ಇಪ್ಪತ್ತೈದು ದಾಟುವುದಿಲ್ಲ. ಡಬ್ಬಿಗೆ ನಾಲ್ಕು ಚಮಚದಂತೆ ಬೆರೆಸಿದೆ.

ಹೇಳಿ ಬೆರೆಸಿದ್ದರೆ ನೀನು ಮುಟ್ಟುತ್ತಿದ್ದೆಯಾ? ಅನಂತಪುರದ ಡಾಕ್ಟರು "ಅಮ್ಮಾ, ರಕ್ತಂಲೋ ಪ್ರೋಟೀನ್ ತಕ್ಕುವ ಉಂದಿ, ಗುಡ್ಲು ತಿನಂಡಿ" ಎಂದು, ರಕ್ತದಲ್ಲಿ ಪ್ರೋಟೀನು ಕಡಿಮೆ, ಮೊಟ್ಟೆ ತಿನ್ನಿ ಎಂದಾಗ, ಮೊಟ್ಟೆಯ ಹೆಸರೆತ್ತಿದ್ದಕ್ಕೇ ನೀನು ಅವರನ್ನು ನೋಡಿದ ನೋಟ ನನಗೆ ನೆನಪಿದೆ. ಅವರು ಪೆನ್ನು ಕೆಳಗಿಟ್ಟರು. ರಕ್ತದ ಪ್ರೋಟೀನು 3.5 ಮುಟ್ಟದೆ ಮಂಡಿ ಆಪರೇಷನ್ ಮಾಡುವುದಿಲ್ಲ, ಗಾಯ ಮಾಯುವುದಿಲ್ಲ ಎಂದರು. ಆಗ ನಿನ್ನದು 2.8. ಅಕ್ಕ, ಭಾವನಿಗೂ ಒಂದು ಮಂಡಿ, ನಿನಗೂ ಮಂಡಿ. ಅವರ ಕಡಲೆಕಾಯಿ ಮಂಡಿ ನಡೆಯುತ್ತಿದೆ; ನಿನ್ನದು ನಡೆಯುತ್ತಿಲ್ಲ. ನಾನು ಸುಮ್ಮನಿರಲೇ?

ನಿನ್ನೆ ಭಾವ ಫೋನ್ ಮಾಡಿ ಹೊಸ ರಿಪೋರ್ಟ್ ಓದಿದರು. 3.2! ಆರು ವಾರದಲ್ಲಿ 2.8ರಿಂದ 3.2! ನಮ್ಮ ನಿವೃತ್ತ ಅಧ್ಯಾಪಕರ ಸಂಘದ ಅಧ್ಯಕ್ಷರು, ಲೇಪಾಕ್ಷಿಯ ಕೆಮಿಸ್ಟ್ರಿ ವೆಂಕಟರಾಯಪ್ಪನವರು, ಕೈ ಕುಲುಕಿ ಉಪನ್ಯಾಸ ಕೊಡಿ ಎಂದಿದ್ದಾರೆ. ಅಪರಾಧಕ್ಕೆ ಶಿಕ್ಷೆಯಾಗುವುದು ಕೇಳಿದ್ದೇನೆ, ಉಪನ್ಯಾಸವಾಗುವುದು ಇದೇ ಮೊದಲು.

ದಸರಾದಲ್ಲಿ ಬಿದ್ದಾಗಿನಿಂದ ಫೋನು ಕಿವಿಯಲ್ಲಿ ಗುಂಯ್ ಅನ್ನುತ್ತದೆಂದು ನೀನು ಅದನ್ನು ಬಿಟ್ಟೆ, "ಕಾಗ್ದ ಬರಿ" ಎಂದೆ. ಆದ್ದರಿಂದ ಈ ತಪ್ಪೊಪ್ಪಿಗೆ ಬರಹದಲ್ಲೇ ಇದೆ, ಬೇಕಾದರೆ ಕೋರ್ಟಿಗೂ ಕೊಡಬಹುದು. ನಾಲ್ಕನೇ ಡಬ್ಬಿ ಈ ಕಾಗದದ ಜೊತೆಗೇ ಬರುತ್ತಿದೆ.

ನಿನ್ನ ಅಪರಾಧಿ ತಮ್ಮ,
ಕೊಟ್ರೇಶ

ಕಲ್ಯಾಣದುರ್ಗ
20 ಜನವರಿ 2025

ಕೊಟ್ರಾ,

ಕೂತ್ಕಂಡೇ ಓದ್ದೆ ಕಣಪ್ಪ. ನಿಂತ್ಕಂಡು ಓದಕ್ಕೆ ಕಾಲೆಲ್ಲೈತೆ ನಂಗೆ?

ಅಲ್ಲ ಕಣ್ಲಾ, ನನ್ ಕಾಲು ಕೆಡ್ಸಿದ್ದೇ ಪಾಚಿ. ಹಿತ್ಲು ತೊಟ್ಟಿ ಹತ್ರ ಪಾಚಿ ಮೇಲೆ ಕಾಲಿಕ್ಕಿ ಅಲ್ವಾ ನಾನು ದಬಕ್ಕಂತ ಬಿದ್ದಿದ್ದು? ಸರಿತಾ ಅವತ್ತೇ ಸುಣ್ಣ ಹಾಕಿ ಅದನ್ನ ಗೀರಿ ಗೀರಿ ತೊಳೆದ್ಲು. ಹೊರಗಿಂದ ಸೊಸೆ ಗೀರಿ ಬಿಸಾಕಿದ್ದನ್ನ ಒಳಗೆ ತಮ್ಮ ತುಂಬ್ತಾ ಅವ್ನೆ. ಇದೇನಪ್ಪ ನಿನ್ ಸಸ್ಯಶಾಸ್ತ್ರ?

ಹೋಗ್ಲಿ, ನನ್ ಹೊಟ್ಟೆ ಮಾತು ಬಿಡು. ನಾನು ಏನು ತಿಂದ್ರೂ ಮೊದ್ಲು ಅಂಗೈಮೇಲಿನ ಲಿಂಗಕ್ಕೆ ತೋರ್ಸಿ ತಿನ್ನೋಳು ಅಂತ ನಿಂಗೆ ಗೊತ್ತಿಲ್ವಾ? ಅವ್ವ ಲಿಂಗ ಕಟ್ಟಿಸ್ದಾಗ ನೀನೂ ಪಕ್ಕದಲ್ಲೇ ಕೂತಿದ್ದೆ. ಮೂರು ಡಬ್ಬಿ ಮುಗಿಯೋವರ್ಗೂ ದಿನಾ ಶಿವನ ಮುಂದೆ ಹಿಡ್ದು "ಕಡ್ಲೆಬೀಜದ ಪುಡಿ ತಂದೆ, ಸ್ವೀಕಾರ ಮಾಡಪ್ಪ" ಅಂದೀನಿ. ನೀನು ನನ್ ಬಾಯಾಗೆ ಸುಳ್ಳು ಹೇಳಿಸ್ಬುಟ್ಟೆ ಕಣೋ. ನಂಗೆ ಮಾಡಿದ್ರೆ ಅಕ್ಕ ಅಂತ ಸೈಸ್ಕಂತಿದ್ದೆ. ಅವನ ಹತ್ರ ಏನಂತ ಹೇಳ್ಲಿ?

ಉಪನ್ಯಾಸ ಮಾಡ್ತಾನಂತೆ. ನನ್ ಹೆಸ್ರು ಎತ್ತಿದ್ರೆ ನೋಡು.

ನಾಲ್ಕನೇ ಡಬ್ಬಿ ಬಂದೈತೆ. ಮುಚ್ಳ ತೆಗ್ದಿಲ್ಲ, ತೆಗೆಯಲ್ಲ.

ದ್ರಾಕ್ಷಾಯಣಮ್ಮ

ಹಿಂದೂಪುರ
27 ಜನವರಿ 2025

ಅಕ್ಕನಿಗೆ ಶರಣು, ಎರಡು ಸಲ.

ನಿನ್ನ ಕಾಗದದ ಕೊನೆಗೆ 'ಅಕ್ಕ' ಎಂದಿರಲಿಲ್ಲ. 'ದ್ರಾಕ್ಷಾಯಣಮ್ಮ' ಎಂದಿತ್ತು. ತಹಶೀಲ್ದಾರರ ನೋಟೀಸು ಬಂದಷ್ಟು ಭಯವಾಯಿತು.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡುತ್ತೇನೆ. ನಿನ್ನನ್ನು ಕೆಡವಿದ ಪಾಚಿ ಬೇರೆ, ನಾನು ಹೇಳುವುದು ಬೇರೆ. ಒಂದೇ ಮನೆತನ, ಆದರೆ ದಾಯಾದಿಗಳು. ನನ್ನದು ನೀಲಿ-ಹಸಿರು ಬಣ್ಣದ್ದು, ಬರಿಗಣ್ಣಿಗೆ ಕಾಣದ ಸುರುಳಿ ಸುರುಳಿ ಎಳೆ. ಗಿಡದ ಜೀವಕೋಶಕ್ಕಿರುವ ನಾರಿನ ಗೋಡೆ ಇದಕ್ಕಿಲ್ಲ, ಅದಕ್ಕೇ ಮುದುಕರಿಗೂ ಮಕ್ಕಳಿಗೂ ಸುಲಭವಾಗಿ ಅರಗುತ್ತದೆ. ತೆಲುಗಿನವರು ಪಾಚಿಗೆ 'ನಾಚು' ಎನ್ನುತ್ತಾರೆ. ಅವರ ನಾಚನ್ನು ನಾವು ನಾಚದೆ ತಿನ್ನಬೇಕು ಎಂಬುದು ನನ್ನ ಉಪನ್ಯಾಸದ ಮೊದಲ ವಾಕ್ಯ. ವೆಂಕಟರಾಯಪ್ಪನವರು ನಗಲಿಲ್ಲ. ಕೆಮಿಸ್ಟ್ರಿಯವರು.

ಕೊಬ್ಬಿನ ವಿಷಯ ಕೇಳು. ಮೀನೆಣ್ಣೆ ಮಿದುಳಿಗೆ, ಹೃದಯಕ್ಕೆ ಒಳ್ಳೆಯದು ಎನ್ನುತ್ತಾರಲ್ಲ, ಆ ಒಮೆಗಾ ಕೊಬ್ಬು ಮೀನಿನ ಸ್ವಂತ ಸಂಪಾದನೆಯಲ್ಲ. ಸಮುದ್ರದ ಪಾಚಿ ಅದನ್ನು ತಯಾರಿಸುತ್ತದೆ, ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ, ಮೀನನ್ನು ಊರೆಲ್ಲ ತಿಂದು ಮೀನಿಗೆ ಹೆಸರು ಕೊಡುತ್ತದೆ. ನಮ್ಮಂಥ ಸಸ್ಯಾಹಾರಿಗಳು ಆ ಮೆರವಣಿಗೆಯನ್ನೆಲ್ಲ ಬಿಟ್ಟು ನೇರ ಪಾಚಿಯ ಮನೆಗೇ ಹೋಗಬಹುದು. ಮೇಷ್ಟ್ರ ಬುದ್ಧಿ, ಒಂದು ತಿದ್ದುಪಡಿಯನ್ನೂ ಸೇರಿಸಿಬಿಡುತ್ತೇನೆ: ಆ ಕೊಬ್ಬು ಸ್ಪಿರುಲಿನದಲ್ಲಿ ಇಲ್ಲವೆಂಬಷ್ಟು ಕಡಿಮೆ, ಅದಕ್ಕೆ ಬೇರೆ ಜಾತಿಯ ಪಾಚಿಯ ಎಣ್ಣೆಯೇ ಬೇಕು. ಬಿ-ಹನ್ನೆರಡು ವಿಟಮಿನ್ ಕೂಡ ಇದರಲ್ಲಿದೆ ಎಂದು ಮಾರುವವರು ಹೇಳುತ್ತಾರೆ. ಇರುವುದರಲ್ಲಿ ಬಹುಪಾಲು ನಮ್ಮ ಮೈಗೆ ಒಗ್ಗದ ಬಗೆ. ಆದರೆ ಪ್ರೋಟೀನಿನ ಮಟ್ಟಿಗೆ ಇದು ರಾಜ. ನೂರಕ್ಕೆ ಅರವತ್ತು, ಅಕ್ಕ! ನನ್ನ ವಿದ್ಯಾರ್ಥಿಗಳಿಗೇ ಅಷ್ಟು ಬರುತ್ತಿರಲಿಲ್ಲ.

ಲಿಂಗದ ಮಾತಿಗೆ ಬರುತ್ತೇನೆ. ಶಿವ ಎಲ್ಲ ತಿಳಿದವನು, ಡಬ್ಬಿಯಲ್ಲಿ ಏನಿತ್ತು ಏನಿರಲಿಲ್ಲ ಅವನಿಗೆ ಮೊದಲ ದಿನವೇ ಗೊತ್ತಿತ್ತು ಎಂದಷ್ಟೇ ಹೇಳಬಲ್ಲೆ.

ದಯವಿಟ್ಟು ಡಬ್ಬಿ ತೆಗೆ. ಮಾರ್ಚಿಗೆ 3.5 ಆಗಬೇಕು. ಬೇಸಿಗೆಯಲ್ಲಿ ಆಪರೇಷನ್ ಆದರೆ ಹೊಸ ಕಡಲೆಕಾಯಿ ಬರುವ ಹೊತ್ತಿಗೆ ನೀನು ಮತ್ತೆ ಮಂಡಿಗೆ ಹೋಗಿ ಕೂರಬಹುದು. ನೀನು ಬೀಜ ಕಚ್ಚಿ "ಇನ್ನೂ ಹಸಿ ಐತೆ, ಎರಡು ದಿನ ಒಣಗಿಸ್ಕಂಡ್ ಬಾರಪ್ಪ" ಎಂದರೆ ಯಾವ ರೈತನೂ ಎದುರು ಹೇಳುವುದಿಲ್ಲ; ತಾವು ಹೇಳಿದರೆ ಅರ್ಧ ಗಂಟೆ ವಾದ ಮಾಡುತ್ತಾರೆ ಎಂದು ಭಾವ ಗೋಳಾಡುತ್ತಾರೆ.

ತಮ್ಮ,
ಕೊಟ್ರೇಶ

ಕಲ್ಯಾಣದುರ್ಗ
9 ಫೆಬ್ರವರಿ 2025

ಕೊಟ್ರಾ,

ಡಬ್ಬಿ ವಾಪಸ್ ಕಳ್ಸಿದ್ದೀನಿ. ಅಮೃತಾನೇ ಇರ್ಲಿ, ಹೇಳ್ದೆ ಕೊಟ್ಟಿದ್ದು ಬ್ಯಾಡ. ನಾನು ಚೆನ್ನಾಗಿದ್ದೀನಿ. ಹರಕೆ ಹೊತ್ತು ಒಪ್ಪತ್ತು ಉಣ್ತೀನಿ, ಸಾಕಾಯ್ತದೆ. ನೀನು ಇಲ್ಲಿಗೆ ಬರಾದು ಬ್ಯಾಡ. ಆಪರೇಷನ್ ಆದ್ಮೇಲೆ ಬಾರಪ್ಪ.

ಅಕ್ಕ

ಹಿಂದೂಪುರ
24 ಫೆಬ್ರವರಿ 2025

ಅಕ್ಕನಿಗೆ ಶರಣು.

ಭಾವ ಫೋನ್ ಮಾಡಿದ್ದರು. 2.9. ಮೂರನ್ನೂ ದಾಟಿ ಕೆಳಗೆ. ಡಾಕ್ಟರು ತಾರೀಖನ್ನೇ ಅಳಿಸಿದರಂತೆ.

ನೋಡಿದೆಯಾ, ಪಾಚಿ ತಿಂದಾಗ ಏರಿತು, ಬಿಟ್ಟಾಗ ಇಳಿಯಿತು ಎಂದು ಬರೆಯಲು ಪೆನ್ನು ತೆಗೆದೆ. ಬರೆದೂ ಬರೆದೆ. ವೆಂಕಟರಾಯಪ್ಪನವರಿಗೆ ಹೇಳಿದಾಗ "ಇದಕ್ಕಿಂತ ಪುರಾವೆ ಬೇಕಾ?" ಎಂದರು. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ರಾಗಿ ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಿ, "ಅಕ್ಕ ಸೊರಗ್ತಾ ಅವ್ರೆ, ನೀವು ಗೆದ್ದೆ ಅಂತೀರಲ್ರೀ. ನಿಮಗೇನು ಅನಿಸಲ್ವಾ?" ಎಂದಳು. ಅನಿಸುತ್ತದೆ ಅಕ್ಕ. ಎರಡು ದಿನದಿಂದ ಅನ್ನ ರುಚಿಸುತ್ತಿಲ್ಲ.

ದೀಪಾವಳಿಗೆ ಬಂದಾಗ ನೀನು ನನ್ನ ಎದುರಿಗೆ ಊಟಕ್ಕೇ ಕೂರಲಿಲ್ಲ. ಇಡೀ ದಿನ ಸೆರಗು ಬಾಯಿಗೆ ಹಿಡಿದೇ ಇದ್ದೆ. ಅಳು ತಡೆಯುತ್ತಿದ್ದೀಯೆಂದು ನಾನೂ ಮಾತಾಡಿಸಲಿಲ್ಲ. ಒಪ್ಪತ್ತು ಊಟದ ಹರಕೆ ಯಾಕೆ ಹೊತ್ತೆ? ಕಾಲು ಸರಿಹೋಗಲೆಂದೇ? ಆ ಹರಕೆಯೇ ಕಾಲನ್ನು ತಡೆಯುತ್ತಿದೆ. ನಾಳಿದ್ದು ಶಿವರಾತ್ರಿ. ದಯವಿಟ್ಟು ಉಪವಾಸ ಮಾಡಬೇಡ. ನಿನ್ನ ಪಾಲಿನದನ್ನು ನಾನು ಮಾಡುತ್ತೇನೆ. ಹೊಟ್ಟೆಯಲ್ಲಿ ಜಾಗ ಬೇಕಾದಷ್ಟಿದೆ.

ಇವತ್ತು ಬಸ್ಸಿನಲ್ಲಿ ಹೊಸ ಡಬ್ಬಿ ಕಳಿಸಿದ್ದೇನೆ. ಶಿವಲೀಲಾ ಒಬ್ಬಳೇ ಮಾಡಿದ್ದು, ನಾನು ಅಡುಗೆಮನೆಗೆ ಕಾಲಿಟ್ಟಿಲ್ಲ. ಕಡಲೆಬೀಜ, ಕೊಬ್ಬರಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಉಪ್ಪು. ಪಾಚಿ ಇಲ್ಲ. ಆಣೆ.

ಇನ್ನೊಂದು ಮಾತಿದೆ. ಈಗ ಬೇಡ, ಮುಖತಃ ಹೇಳುತ್ತೇನೆ.

ಕೊಟ್ರೇಶ

ಹಿಂದೂಪುರ
8 ಮಾರ್ಚ್ 2025

ಅಕ್ಕ,

ಎರಡು ವಾರವಾಯಿತು, ಉತ್ತರವಿಲ್ಲ. ಭಾವನನ್ನು ಕೇಳಿದರೆ "ಬರೀತಾಳೆ ಬಿಡಯ್ಯ" ಎನ್ನುತ್ತಾರೆ. ಸರಿತಾ ಫೋನಿನಲ್ಲಿ ದನಿ ತಗ್ಗಿಸಿ, "ಮಾಮ, ಡಬ್ಬಿ ಹಂಗೇ ಐತೆ. ಅತ್ತೆ ಬರೀ ಮುದ್ದೆ, ತಿಳಿಸಾರು ಅಷ್ಟೇ. ಬೇಳೆ ಹಾಕಿದ್ರೆ ಗ್ಯಾಸು ಅಂತಾರೆ" ಎಂದಳು.

ಜೋಕು ಮಾಡಲು ಕೂತೆ, ಬರಲಿಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ. ಆ ಪಾಚಿಯನ್ನು ಮರೆತುಬಿಡು. ನಾನು ಹಾಕಿಯೇ ಇಲ್ಲ ಅಂದುಕೋ. ಆ ಕಾಗದವನ್ನೇ ಬರೆದಿಲ್ಲ ಅಂದುಕೋ. ನನ್ನ ಮೇಲಿನ ಸಿಟ್ಟನ್ನು ಊಟದ ಮೇಲೆ ತೀರಿಸಬೇಡ.

ಅವ್ವ ಹೋದಮೇಲೆ ನನ್ನನ್ನು 'ಕೊಟ್ರಾ' ಎಂದು ಬೈಯುವವಳು ನೀನೊಬ್ಬಳೇ.

ಕೊಟ್ರ

ಕಲ್ಯಾಣದುರ್ಗ
15 ಮಾರ್ಚ್ 2025

ಕೊಟ್ರಾ,

ಬೈಯಾಕೆ ಶಕ್ತಿ ಬೇಕಲ್ಲಪ್ಪ, ಅದಕ್ಕೇ ತಡ ಆಯ್ತು.

ಹಾಕಿಯೇ ಇಲ್ಲ ಅಂದ್ಕೋ ಅಂತ ಬರ್ದಿದ್ದೀಯ. ಹೆಂಗ್ ಅಂದ್ಕಳಾದು ಹೇಳು? ನಿನ್ ಕೈಯಾರ ಬರ್ದು ಸಹಿ ಹಾಕಿ ಕಳ್ಸಿದ್ದೀಯ. ಒಂದ್ಸಲ ಕದ್ದು ಹಾಕ್ದೋನು ಇನ್ನೊಂದ್ಸಲ ಹಾಕಲ್ಲ ಅಂತ ಹೆಂಗ್ ನಂಬ್ಲಿ ಅಂತ ಹೊಸ ಡಬ್ಬೀನೂ ಮುಟ್ಲಿಲ್ಲ.

ಶಿವರಾತ್ರಿ ದಿವ್ಸ ಪೂಜೆಗೆ ಕೂತಿದ್ದೆ. ಕುರ್ಚಿ ಮೇಲೇ. ಅಂಗೈಮೇಲೆ ಲಿಂಗ ಇಟ್ಕಂಡ್ನಾ, ಕೈ ಗಡಗಡ ಅಂತ ನಡುಗಾಕೆ ಶುರು ಆತು ಕಣೋ. ಐವತ್ತು ವರ್ಷದಾಗೆ ಒಂದ್ ದಿನ ಹಂಗಾಗಿರ್ಲಿಲ್ಲ. ಸರಿತಾ ಓಡ್ಬಂದು ನನ್ ಮುಂಗೈ ಹಿಡ್ಕಂಡ್ಲು, ಇಲ್ದಿದ್ರೆ ಏನಾಗ್ತಿತ್ತೋ. ಅವತ್ತು ಹೆದ್ರಿಬುಟ್ಟೆ. ನಿನ್ ಮೇಲಿನ ಸಿಟ್ಟು ಅಲ್ಲೇ ಇಳ್ದೋಯ್ತು.

ಮಾರನೇ ದಿನ ಅಯ್ಯನೋರು ಬಂದಿದ್ರು. ಅವ್ರಿಗೆ ಎಲ್ಲಾ ಹೇಳ್ದೆ. ನಕ್ರು. "ನೀರಾಗೆ ಬೆಳ್ದಿದ್ದಕ್ಕೆ ಏನಮ್ಮಾ ದೋಷ, ಭತ್ತ ಬೆಳೆಯಲ್ವಾ? ಹೇಳಿ ಕೊಟ್ರೆ ಪ್ರಸಾದ, ಮುಚ್ಚಿ ಕೊಟ್ರೆ ಕಳ್ಳಮಾಲು. ನಿನ್ ತಮ್ಮ ತಪ್ಪೊಪ್ಕಂಡವ್ನಲ್ಲ, ಮುಗೀತು. ಪಾಪ ಒಪ್ಕಳೋರು ಎಷ್ಟು ಜನ ಅವ್ರೆ ಈಗ" ಅಂದ್ರು. ಅದ್ನ ಕೇಳಿ ನಂಗೇ ನಾಚ್ಕೆ ಆತು. ಯಾಕಂದ್ರೆ ನಾನೂ ಒಂದು ಮುಚ್ಚಿಟ್ಟಿದ್ದೀನಿ. ನೀನು ಅಷ್ಟು ಧೈರ್ಯವಾಗಿ ಒಪ್ಕಂಡ್ಮೇಲೆ ನಾನು ಮುಚ್ಚಿಟ್ರೆ ಅಕ್ಕ ಹೆಂಗಾಯ್ತೀನಿ?

ಯಾರ್ಗೂ ಹೇಳ್ಬ್ಯಾಡ. ನಿಮ್ ಭಾವಂಗಂತೂ ಸುತರಾಂ ಬ್ಯಾಡ.

ನನ್ ಕೆಳಗಿನ ಹಲ್ಲು ಒಂದೂ ನಂದಲ್ಲ ಕಣೋ. ಐದು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಬಳ್ಳಾರಿಗೆ ಹೋಗಿದ್ದಾಗ ಕೀಳಿಸಿ ಸೆಟ್ಟು ಕಟ್ಟಿಸ್ಕಂಡ್ ಬಂದೆ. ನಿಮ್ ಭಾವ ಊಟಕ್ಕೆ ಕೂತ್ರೆ ತಟ್ಟೆ ನೋಡ್ತಾರೆ, ನನ್ ಬಾಯಿ ನೋಡಲ್ಲ, ಇವತ್ತಿಗೂ ಗೊತ್ತಿಲ್ಲ. ತೊಟ್ಟಿ ಹತ್ರ ಬಿದ್ನಲ್ಲ, ಅವತ್ತೇ ಸೆಟ್ಟು ಎರಡು ತುಂಡಾತು. ಬಟ್ಟೇಲಿ ಸುತ್ತಿ ಪೆಟ್ಟಿಗೆಯಾಗೆ ಇಟ್ಟಿದ್ದೀನಿ. ಅವತ್ತಿಂದ ಮಾತಾಡಿದ್ರೆ ಪುಸು ಪುಸು ಗಾಳಿ ಬತ್ತದೆ. ಫೋನು ಗುಂಯ್ ಅನ್ನಾದೂ ಸುಳ್ಳು, ಒಪ್ಪತ್ತು ಹರಕೇನೂ ಸುಳ್ಳು. ಜನರ ಮುಂದೆ ಅಗಿಯಾಕಾಗಲ್ಲ ಅಂತ ಒಪ್ಪತ್ತು.

ಯಾಕೆ ಹೇಳ್ಲಿಲ್ಲ ಅಂತೀಯ. ಮಂಡೀಲಿ ಬೀಜ ಕಚ್ಚಿ ನೋಡಿ ಹಸಿ ಒಣ ಹೇಳೋಳು ನಾನು. ನಲವತ್ತು ವರ್ಷದ ಹೆಸ್ರು. ಕಟ್ಟಿಸ್ಕಂಡ ಹಲ್ಲಿಗೆ ಏನಪ್ಪ ಗೊತ್ತಾಯ್ತದೆ? ಐದು ವರ್ಷದಿಂದ ಕಾಯಿನ ಕಿವಿ ಹತ್ರ ಅಲ್ಲಾಡಿಸಿ ಸದ್ದು ಕೇಳೇ ಹೇಳ್ತಿದ್ದೀನಿ. ಆಮೇಲೆ ಜನಕ್ಕೆ ಕಾಣ್ಲಿ ಅಂತ ಒಂದು ಬೀಜ ಕಚ್ತೀನಿ. ತಪ್ಪು ಒಂದಿನ ಹೇಳಿಲ್ಲ. ಆದ್ರೆ ಗೊತ್ತಾದ್ರೆ ರೈತ್ರು "ಈಯಮ್ಮಂದು ಪ್ಲಾಸ್ಟಿಕ್ ಹಲ್ಲು, ಇವಳ ಮಾತು ಯಾರು ಕೇಳ್ತಾರೆ" ಅನ್ನಲ್ವಾ?

ಇನ್ನೊಂದು ಕೇಳ್ಕೋ. ನಿಮ್ಮ ಮೂರು ಡಬ್ಬಿ ಅಷ್ಟು ಬೇಗ ಯಾಕೆ ಮುಗೀತು ಗೊತ್ತಾ? ಅಗಿಯಾದೇ ಬ್ಯಾಡ. ಶಿವಲೀಲಾ ಹಿಟ್ಟಿನಂಗೆ ನುಣ್ಣಗೆ ಮಾಡಿರ್ತಾಳೆ. ಬಿಸಿ ಅನ್ನ ಕಿವುಚಿ, ಎರಡು ಹಿಡಿ ಪುಡಿ, ತುಪ್ಪ. ಯಾರ್ಗೂ ಒಂದು ಚಿಟಿಕೆ ಕೊಡ್ಲಿಲ್ಲ. ಮನೆ ತುಂಬ ಕಡ್ಲೆಬೀಜ ಇಟ್ಕಂಡು ಒಂದ್ ಬೀಜ ತಿನ್ನಾಕಾಗ್ದೆ ಇದ್ದೋಳು ನಾನು. ನನ್ನ ಎಬ್ಬಿಸಿದ್ದು ನಿನ್ ಪಾಚಿ ಅಲ್ಲ ಅಂತ ನಂಗನ್ನಿಸ್ತದೆ. ನಿನ್ ಹೆಂಡ್ತಿ ಮಿಕ್ಸಿ.

ಈಗ ನಗು.

ಅಕ್ಕ

ಹಿಂದೂಪುರ
19 ಮಾರ್ಚ್ 2025

ಅಕ್ಕ,

ನಗಲಿಲ್ಲ. ಕಾಗದವನ್ನು ಶಿವಲೀಲಾಗೆ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೇರ ಹೋಗಿ ಮಿಕ್ಸಿ ಒರೆಸಿಟ್ಟಳು. ಐದು ತಿಂಗಳು ನೀನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಾಯಿ ಮುಚ್ಚದೆ ಪಾಚಿ ಪಾಚಿ ಎನ್ನುತ್ತಿದ್ದೆ.

ನೀನು ಹೇಳಿದ್ದನ್ನು ಲೆಕ್ಕ ಹಾಕಿ ನೋಡಿದೆ. ಡಬ್ಬಿಗೆ ನಾಲ್ಕು ಚಮಚ ಪಾಚಿ ಎಂದರೆ ಇಪ್ಪತ್ತು ಗ್ರಾಂ, ಅದರಲ್ಲಿ ಪ್ರೋಟೀನು ಹನ್ನೆರಡು ಗ್ರಾಂ. ಅದೇ ಡಬ್ಬಿಯಲ್ಲಿ ಅರ್ಧ ಕೇಜಿ ಕಡಲೆಬೀಜ, ಅದರಲ್ಲಿ ಪ್ರೋಟೀನು ನೂರಿಪ್ಪತ್ತು ಗ್ರಾಂಗೂ ಮೇಲೆ. ಕೊಬ್ಬು ಅದರ ಎರಡರಷ್ಟು. ಒಂದಕ್ಕೆ ಹತ್ತು! ನೂರಕ್ಕೆ ಅರವತ್ತು ಎಂದು ಕುಣಿದವನು, ಹಾಕುವುದು ಚಮಚದಲ್ಲಿ, ನೂರರಲ್ಲಲ್ಲ ಎಂಬುದನ್ನು ಮರೆತೆ. ಇದೇ ತಪ್ಪು ಮಾಡಿದ ಹುಡುಗರ ಕಿವಿ ಹಿಂಡಿದ್ದೇನೆ. ಪಾಚಿ ಒಳ್ಳೆಯದೇ, ಅಕ್ಕ. ಆದರೆ ಚಮಚದ ಮೇಲೆ ಹೊರಲಾರದಷ್ಟು ಹೊರೆ ನಾನು ಹೊರಿಸಿದೆ.

ಈಗ ನನ್ನ ಮಾತು ಕೇಳು. ಭಾವನಿಗೆ ಫೋನ್ ಮಾಡಿ "ಯುಗಾದಿಗೆ ಅಕ್ಕನನ್ನು ತವರಿಗೆ ಕಳಿಸಿ" ಎಂದಿದ್ದೇನೆ. ಅವರೇ ಕಾರಿನಲ್ಲಿ ತಂದು ಬಿಡುತ್ತಾರೆ. ಇಲ್ಲಿ ನಮ್ಮ ಬೀದಿಯ ಕೊನೆಗೇ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಹತ್ತು ದಿನದಲ್ಲಿ ಹೊಸ ಸೆಟ್ಟು. ಬೀಜ ಕಚ್ಚಿದರೂ ಅಲುಗದ ಹಾಗೆ ಮಾಡಿ ಎಂದು ಹೇಳಿಟ್ಟಿದ್ದೇನೆ. ಕಲ್ಯಾಣದುರ್ಗಕ್ಕೆ ಸುದ್ದಿ ಹೋಗುವುದಿಲ್ಲ. ನಿನ್ನ ಕಿವಿಯೇ ಮಂಡಿಯ ಯಜಮಾನಿ ಎಂಬುದು ನಮ್ಮಿಬ್ಬರಲ್ಲೇ ಇರುತ್ತದೆ.

ಅಲ್ಲಿಯವರೆಗೆ ಆ ಡಬ್ಬಿ ತೆಗೆ. ಶಿವನಿಗೆ ಹೆಸರು ಹೇಳಿ ತೋರಿಸು: ಕಡಲೆಬೀಜದ ಪುಡಿ. ನಿಜ ಅದು.

ಧೈರ್ಯವಾಗಿ ಒಪ್ಪಿಕೊಂಡೆ ಎಂದು ನನ್ನನ್ನು ಹೊಗಳಿದ್ದೀಯ. ಆ ಸಾಲನ್ನು ಮಾತ್ರ ಶಿವಲೀಲಾಗೆ ಓದಿ ಹೇಳಲಿಲ್ಲ.

ಕೊಟ್ರ

ಕಲ್ಯಾಣದುರ್ಗ
22 ಏಪ್ರಿಲ್ 2025

ಕೊಟ್ರಾ,

3.6! ನಿಮ್ ಭಾವ ಫೋನ್ ಮಾಡೋಕೆ ಮುಂಚೆ ನಾನೇ ಬರೀಬೇಕು ಅಂತ ಕೂತೆ. ಡಾಕ್ಟ್ರು "ಏಮ್ಮಾ, ಏಮಿ ತಿಂಟುನ್ನಾರು?" ಅಂತ ಕೇಳಿದ್ರು. ಏನು ತಿಂತಿದ್ದೀರ ಅಂತ! "ನಾ ತಮ್ಮುಡು ಪೆಟ್ಟಿಂದಿ" ಅಂದೆ, ನನ್ ತಮ್ಮ ಹಾಕಿದ್ದು. ಮೇ ಐದನೇ ತಾರೀಖು ಆಪರೇಷನ್.

ಸೆಟ್ಟು ಅಲ್ಲಾಡಲ್ಲ. ಮೊನ್ನೆ ಮನೇಲಿ ಯಾರೂ ಇಲ್ದಾಗ ಹುರಿದ ಕಡ್ಲೆಬೀಜ ಒಂದು ಹಿಡಿ ತಿಂದೆ. ಸದ್ದು ಕೇಳಿ ನಂಗೇ ಕಣ್ಣೀರು ಬಂತು ನೋಡು. ಮುಂದ್ಲ ಮನೆ ಪೋಲಮ್ಮ "ಏನಕ್ಕಾ, ನಿನ್ ಮುಖ ತುಂಬ್ಕಂಡೈತೆ" ಅಂದ್ಲು. ತವರುಮನೆ ನೀರು ಅಂದೆ.

ಹಿಂದೂಪುರದಾಗೆ ಹತ್ತು ದಿನ ಇದ್ರೂ ನಿನ್ ಪಾಚಿ ತೊಟ್ಟಿ ನೋಡಾಕಾಗ್ಲಿಲ್ಲ. ಮಾಳಿಗೆ ಮೆಟ್ಲು ಹತ್ತೋ ಕಾಲು ನಂಗಿಲ್ಲ. ಒಂದು ಚೊಂಬಿನಾಗೆ ಕೆಳಗೆ ತಂದು ತೋರ್ಸು ಅಂದ್ರೆ ಇವತ್ತು ಗಾಳಿ, ನಾಳೆ ಬಿಸ್ಲು, ಅದಕ್ಕೆ ನಿದ್ದೆ ಕೆಡ್ತದೆ ಅಂತ ಏನೇನೋ ಹೇಳ್ದೆ. ಮಗು ಥರ ಸಾಕ್ತಾ ಇದ್ದೀಯ ಅಂತ ಸುಮ್ನಾದೆ. ಶಿವಲೀಲಾ ಮಾತ್ರ ಯಾಕೋ ಒಳಗೆ ಹೋಗಿ ನಗ್ತಿದ್ಲು.

ಈಗ ನನ್ ಮಾತು ಕೇಳು. ನಾನು ನಿಂಗೆ ಅಷ್ಟು ಬೈದೆ, ಅದು ಮನಸಿನಾಗೆ ಚುಚ್ತಾ ಐತೆ. ಡಾಕ್ಟ್ರನ್ನ ಕೇಳ್ದೆ, ದಿನಾ ಒಂದು ಚಮಚ ತಗಳ್ರಿ, ಒಳ್ಳೇದೇ ಅಂದ್ರು. ಅಯ್ಯನೋರು ಆಪರೇಷನ್ ಹಿಂದಿನ ದಿನ ಮನೆಗೆ ಬತ್ತಾರೆ, ನೆಂಟ್ರೂ ಬತ್ತಾರೆ. ನಿನ್ ತೊಟ್ಟೀದೇ ಪಾಚಿ, ಬೇರೆ ಪೊಟ್ಟಣದಾಗೆ ಕಟ್ಟಿ, ಮೇಲೆ ಹೆಸ್ರು ಬರ್ದು ಕಳ್ಸು. ಅವ್ರೆಲ್ಲರ ಮುಂದೆ ಅಂಗೈಮೇಲಿನೋನಿಗೆ ತೋರ್ಸಿ, "ಇದು ಪಾಚಿ ಕಣಪ್ಪ, ನನ್ ತಮ್ಮ ಬೆಳ್ದಿದ್ದು, ಅವತ್ತು ಮೂರು ಡಬ್ಬೀಲಿ ನಿಂಗೆ ತೋರ್ಸಿದ್ದೂ ಇದೇ" ಅಂತ ಹೇಳಿ ತಿಂತೀನಿ. ಹಳೇದಕ್ಕೂ ಲೆಕ್ಕ ತೀರ್ಲಿ. ನಿಂಗೂ ಮರ್ಯಾದೆ.

ಬೇಗ ಕಳ್ಸು.

ಅಕ್ಕ

ಹಿಂದೂಪುರ
26 ಏಪ್ರಿಲ್ 2025

ಅಕ್ಕನಿಗೆ, ಅಂಗೈಮೇಲಿನವನಿಗೆ, ಇಬ್ಬರಿಗೂ ಶರಣು.

3.6 ಎಂದು ಓದಿ ಶಿವಲೀಲಾ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಾಗದದ ಉಳಿದ ಭಾಗ ಓದಿದೆ. ಓದಿದ ಕೂಡಲೇ ಪರಿಗಿಯ ಬಸ್ಸು ಹತ್ತಿದೆ.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಮೇಲೆ ಹೆಸರು ಬರೆದಿದೆ. ಇದು ನನ್ನ ತೊಟ್ಟಿಯದಲ್ಲ, ಪರಿಗಿಯಲ್ಲಿ ಹಾಲೇಶ್ ಬೆಳೆದದ್ದು, ಪರೀಕ್ಷೆ ಮಾಡಿಸಿ ಮಾರುವ ಶುದ್ಧ ಮಾಲು. ಶಿವನಿಗೆ ತೋರಿಸುವಾಗ "ಹಾಲೇಶ ಬೆಳೆದದ್ದು" ಎಂದೇ ಹೇಳು. "ಮೂರು ಡಬ್ಬಿಯಲ್ಲಿ ತೋರಿಸಿದ್ದೂ ಇದೇ" ಎಂದು ಮಾತ್ರ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಬೇಡ. ನನ್ನಿಂದ ನೀನು ಅವನಿಗೆ ಇನ್ನೊಂದು ಸುಳ್ಳು ಹೇಳುವುದು ಬೇಡ.

ನನ್ನ ಪಾಚಿ ನವೆಂಬರಿನಲ್ಲೇ ಸತ್ತುಹೋಯಿತು, ಅಕ್ಕ. ಅದಕ್ಕೆ ಬೇಕಾದದ್ದು ಬಿಸಿಲು. ಬಂದದ್ದು ಕಾರ್ತಿಕದ ಚಳಿ, ಮೇಲೆ ತುಫಾನಿನ ಮಳೆ. ತೊಟ್ಟಿ ತುಂಬಿ ನೀರು ತೆಳುವಾಗಿ, ಮೂರು ದಿನಕ್ಕೆ ಹಳದಿಯಾಗಿ, ನಾಲ್ಕನೇ ದಿನ ನಾರಿತು. ನಾನು ಮೂಗು ಮುಚ್ಚಿಕೊಂಡು ಚರಂಡಿಗೆ ಸುರಿದೆ. ನಿನ್ನ ಮೊದಲ ಡಬ್ಬಿ ಬಸ್ಸು ಹತ್ತಿದ್ದು ಅದರ ಮಾರನೆಯ ದಿನ. ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಹೇಳಿದ ಮೇಷ್ಟ್ರಿಗೆ ಒಂದು ತೊಟ್ಟಿ ಪಾಚಿಯನ್ನು ಜೀವಂತ ಇಡಲು ಬರಲಿಲ್ಲ. ನಿನ್ನ ಹಿತ್ತಲಲ್ಲಿ ಅದರ ದಾಯಾದಿ ಸುಣ್ಣ ಹಾಕಿ ಗೀರಿದರೂ ಸಾಯುವುದಿಲ್ಲ.

ಹಾಗಾದರೆ ತಪ್ಪೊಪ್ಪಿಗೆ ಯಾಕೆ ಬರೆದೆ? ನಿನ್ನ ರಿಪೋರ್ಟ್ ಏರಿದ ದಿನ ವೆಂಕಟರಾಯಪ್ಪನವರು "ಏನು ಕೊಟ್ಟಿರಿ?" ಎಂದು ಕೇಳಿದರು. ಅವರಿಗೆ ತೊಟ್ಟಿಯ ವಿಷಯ ಮೂರು ತಿಂಗಳಿಂದ ಕೊಚ್ಚಿಕೊಂಡಿದ್ದೆ. "ಪಾಚಿ" ಎಂದು ಬಾಯಿಂದ ಬಂದುಬಿಟ್ಟಿತು. ಅವರು ಕೈ ಕುಲುಕಿದರು. ಆಮೇಲೆ ಅದನ್ನು ನಿಜ ಮಾಡಬೇಕಲ್ಲ? ಮಾಡದ ಕಳ್ಳತನವನ್ನು ಒಪ್ಪಿಕೊಂಡು ನಿನಗೆ ಕಾಗದ ಬರೆದೆ. ಕದ್ದವರು ಸುಳ್ಳು ಹೇಳುವುದು ಲೋಕರೂಢಿ. ಕದಿಯದೆ ಕದ್ದೆನೆಂದು ಸುಳ್ಳು ಹೇಳಿದವನು ಅನಂತಪುರದಿಂದ ಹಿಂದೂಪುರದವರೆಗೆ ನಾನೊಬ್ಬನೇ ಇರಬೇಕು.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಆ ಕಾಗದ ಓದಿ ನೀನು ಡಬ್ಬಿ ಮುಚ್ಚಿದೆ. 3.2 ಇದ್ದದ್ದು 2.9 ಆಯಿತು. ಶಿವರಾತ್ರಿಯಂದು ನಿನ್ನ ಅಂಗೈ ನಡುಗಿತು. ಅದನ್ನು ನಡುಗಿಸಿದ್ದು ಪಾಚಿಯಲ್ಲ, ನನ್ನ ಜಂಬ. ಎರಡು ತಿಂಗಳು ನೀನು ಹಸಿದದ್ದು ನಾನು ಮಾಡದ ತಪ್ಪಿಗೆ. ಮಾರ್ಚಿನಲ್ಲೇ ಹೇಳಬಹುದಿತ್ತು. ನೀನು ನನ್ನ ಧೈರ್ಯ ಹೊಗಳಿದ್ದೆ, ಆ ಹೊಗಳಿಕೆ ಬಿಡಲು ಮನಸ್ಸಾಗಲಿಲ್ಲ. ಹತ್ತು ದಿನ ನೀನು ನಮ್ಮ ಮನೆಯಲ್ಲೇ ಇದ್ದಾಗ, ಮೇಲೆ ಬರೀ ಖಾಲಿ ತೊಟ್ಟಿ ಇದೆಯೆಂದು ಹೇಳಲಾಗದೆ ಗಾಳಿ, ಬಿಸಿಲು ಎಂದೆ. ಶಿವಲೀಲಾ ಅಲ್ಲಿ ಈಗ ಗೋಧಿ ಒಣಹಾಕುತ್ತಾಳೆ.

ಸಂಘದಲ್ಲಿ ಹನ್ನೊಂದು ಜನ ಪಿಂಚಣಿದಾರರ ಮುಂದೆ ಉಪನ್ಯಾಸ ಕೊಟ್ಟಾಗ ಒಬ್ಬರು ಕೇಳಿದರು: "ಸಾರ್, ಪುಡಿಯಲ್ಲಿ ಆ ಹಸಿರು ಚೆನ್ನಾಗಿ ಕಾಣುತ್ತಾ?" ನಾನು ಜೊತೆಗೆ ಒಯ್ದಿದ್ದ ಚಟ್ನಿಪುಡಿಯನ್ನು ಬೆರಳಿನಿಂದ ತೋರಿಸಿ, "ಎಷ್ಟು ಕಡು ಹಸಿರು ಎಂದರೆ ನಮ್ಮ ಅಕ್ಕನೇ ಬೆರಗಾದಳು" ಎಂದೆ. ಚಪ್ಪಾಳೆ ತಟ್ಟಿ ಶಾಲು ಹೊದಿಸಿದರು.

ಅಕ್ಕ, ಆ ಹಸಿರು ನಮ್ಮ ಹಿತ್ತಲಿನ ಕರಿಬೇವು. ಅದನ್ನು ಬೆಳೆಸಿದ್ದೂ ಶಿವಲೀಲಾ.

ಕೊಟ್ರ